ಡಿಸ್‌ಫಂಕ್ಷನ್ ಅಂದರೆ ನಿಂತುಹೋಗಿದೆ ಅಂತಲ್ಲ

ಪ್ರಶ್ನೆ: ನನ್ನ ಅಮ್ಮನಿಗೆ 62 ವರ್ಷ. ಏಳೆಂಟು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾರೆ. ಹೋದ ತಿಂಗಳು ಹೆಲ್ತ್ ಚೆಕಪ್ ಮಾಡಿಸಿದಾಗ ಎಕೋ ರಿಪೋರ್ಟ್‌ನಲ್ಲಿ 'ಗ್ರೇಡ್ 1 ಡಯಾಸ್ಟೋಲಿಕ್ ಡಿಸ್‌ಫಂಕ್ಷನ್' ಅಂತ ಬಂದಿತ್ತು. ಎಲ್‌ವಿಇಎಫ್ 60% ಅಂತಲೂ ಇತ್ತು. ಡಾಕ್ಟರು 'ಏನೂ ಇಲ್ಲ, ಹೋಗಿ' ಅಂದರು. ಮೊಬೈಲ್‌ನಲ್ಲಿ ಕನ್ನಡಕ್ಕೆ ಹಾಕಿ ನೋಡಿದರೆ 'ಅಪಸಾಮಾನ್ಯ ಕ್ರಿಯೆ' ಅಂತ ತೋರಿಸಿತು. ಅಮ್ಮ ಈಗ ಹಾರ್ಟ್ ಕೆಟ್ಟಿದೆ ಅಂದುಕೊಂಡು ಬೆಳಗಿನ ವಾಕಿಂಗ್ ಬಿಟ್ಟಿದ್ದಾರೆ. ಮೆಟ್ಟಿಲು ಹತ್ತೋಕೂ ಹೆದರುತ್ತಾರೆ. ಈ ಡಿಸ್‌ಫಂಕ್ಷನ್ ಅನ್ನೋ ಪದದ ಸರಿಯಾದ ಅರ್ಥ ಏನು, ಅದು ಎಲ್ಲಿಂದ ಬಂತು? ನಮ್ಮ ಕಡೆ ಫಂಕ್ಷನ್ ಅಂದರೆ ಮದುವೆ, ನಾಮಕರಣ ಅಲ್ವಾ? ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಇಂಥ ರಿಪೋರ್ಟ್ ಹಿಡಿದು ಬರುವವರನ್ನು ನಾನು ದಿನಾ ನೋಡುತ್ತೇನೆ. ಹೆಚ್ಚಿನವರು ಅಮ್ಮನ ವಯಸ್ಸಿನವರೇ. ಬಿಪಿ ಅಥವಾ ಶುಗರ್ ಇರುವವರು. ಕಾಯಿಲೆಗಿಂತ ಆ ಒಂದು ಪದವೇ ಅವರನ್ನು ಜಾಸ್ತಿ ಕುಗ್ಗಿಸಿರುತ್ತದೆ. ಹಾಗಾಗಿ ಪದದ ಅರ್ಥ ಕೇಳಿದ್ದು ಒಳ್ಳೆಯದೇ ಆಯಿತು. ಅದು ಸರಿಯಾಗಿ ಗೊತ್ತಾದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ನೇರವಾಗಿ ಹೇಳುತ್ತೇನೆ. ಡಿಸ್‌ಫಂಕ್ಷನ್ ಅಂದರೆ ಕೆಲಸ ನಡೆಯುತ್ತಿದೆ, ಆದರೆ ನಡೆಯಬೇಕಾದ ಹಾಗೆ ಸಲೀಸಾಗಿ ನಡೆಯುತ್ತಿಲ್ಲ ಅಂತ. ನಿಂತುಹೋಗಿದೆ ಅನ್ನುವ ಅರ್ಥ ಈ ಪದದಲ್ಲಿ ಇಲ್ಲ. ಹಾಳಾಗಿದೆ ಅನ್ನುವ ಅರ್ಥವೂ ಇಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಪದದ ಒಳಗೇ ಹಾಗಿದೆ.

ಅದರಲ್ಲಿ ಎರಡು ತುಂಡುಗಳಿವೆ. 'ಡಿಸ್' ಗ್ರೀಕ್ ಭಾಷೆಯದು, 'ಫಂಕ್ಷನ್' ಲ್ಯಾಟಿನ್‌ನದು. ಎರಡನ್ನೂ ಜೋಡಿಸಿ ಇಂಗ್ಲಿಷ್‌ನ ವೈದ್ಯರು ಮತ್ತು ಜೀವವಿಜ್ಞಾನಿಗಳು ಬಳಸಲು ಶುರು ಮಾಡಿದ್ದು 20ನೇ ಶತಮಾನದ ಎರಡನೇ ದಶಕದಲ್ಲಿ. ಅಂದರೆ ಪದಕ್ಕೆ ಇನ್ನೂ ನೂರು ಚಿಲ್ಲರೆ ವರ್ಷ ಅಷ್ಟೇ. ಎರಡು ಭಾಷೆಯ ತುಂಡುಗಳನ್ನು ಹೀಗೆ ಬೆಸೆಯುವುದು ಕೆಲವು ಪಂಡಿತರಿಗೆ ಹಿಡಿಸುವುದಿಲ್ಲ. ಆದರೆ ಟೆಲಿವಿಷನ್ ಕೂಡ ಹೀಗೇ ಹುಟ್ಟಿದ್ದು. ಅದರಲ್ಲಿ 'ಟೆಲಿ' ಗ್ರೀಕ್, 'ವಿಷನ್' ಲ್ಯಾಟಿನ್.

ಮೊದಲು ನಿಮ್ಮ ಮದುವೆ ಫಂಕ್ಷನ್ ವಿಚಾರ. ಸಂಬಂಧ ಇದೆ, ಅದೂ ಹತ್ತಿರದ್ದೇ. ಲ್ಯಾಟಿನ್‌ನಲ್ಲಿ 'ಫುಂಗಿ' ಅನ್ನುವ ಕ್ರಿಯಾಪದ ಇತ್ತು. ತನ್ನ ಪಾಲಿಗೆ ಬಂದ ಕೆಲಸವನ್ನು ಮಾಡಿ ಪೂರೈಸುವುದು ಅಂತ ಅರ್ಥ. ಅದರಿಂದ 'ಫುಂಕ್ಟಿಯೋ', ಅಂದರೆ ಕರ್ತವ್ಯ ನಿರ್ವಹಣೆ. ಇಂಗ್ಲಿಷ್‌ಗೆ ಬಂದ ಮೇಲೆ ಅಧಿಕಾರಿಯ ಕೆಲಸಕ್ಕೂ ಫಂಕ್ಷನ್ ಅಂದರು, ದೇಹದ ಒಂದೊಂದು ಅಂಗದ ಕೆಲಸಕ್ಕೂ ಅಂದರು. ಚರ್ಚ್‌ನಲ್ಲಿ ಪಾದ್ರಿ ವಿಧಿವತ್ತಾಗಿ ನಡೆಸುವ ಕಾರ್ಯಕ್ಕೂ ಅದೇ ಹೆಸರಾಯಿತು. ಅಲ್ಲಿಂದ ಅದು ಯಾವುದೇ ಸಮಾರಂಭಕ್ಕೆ ಹಬ್ಬಿ, ನಮ್ಮ ಊರುಗಳ ಫಂಕ್ಷನ್ ಹಾಲ್‌ವರೆಗೆ ಬಂದಿದೆ. ನಾವೂ 'ಮನೇಲಿ ಒಂದು ಕಾರ್ಯ ಇದೆ' ಅನ್ನುತ್ತೇವಲ್ಲ, ಹೃದಯದ ಕಾರ್ಯ ಅಂತಲೂ ಅನ್ನುತ್ತೇವಲ್ಲ, ಎರಡೂ ಕಡೆ ಒಂದೇ ಮಾತು. ಲ್ಯಾಟಿನ್‌ನಲ್ಲೂ ಅದೇ ದಾರಿ. ಮುಚ್ಚಿಹೋದ ಕಂಪನಿಗೆ ಡಿಫಂಕ್ಟ್ ಅನ್ನುವುದು ಇದೇ ಬೇರಿನಿಂದ. ತನ್ನ ಕೆಲಸ ಪೂರ್ತಿ ಮುಗಿಸಿದ್ದು ಅಂತ ಅದರ ಮೂಲ ಅರ್ಥ. ಗಮನಿಸಿ, ನಿಜವಾಗಿ ನಿಂತುಹೋದದ್ದಕ್ಕೆ ಇಂಗ್ಲಿಷ್‌ನಲ್ಲಿ ಇರುವ ಪದ ಅದು, ಡಿಸ್‌ಫಂಕ್ಷನ್ ಅಲ್ಲ.

ಈಗ 'ಡಿಸ್'. ಭಯ ಹುಟ್ಟಿಸುವುದು ಇದೇ ತುಂಡು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕನ್ನಡ ಲಿಪಿಯಲ್ಲಿ ಬರೆದಾಗ ಒಂದು ಗೊಂದಲ ಆಗುತ್ತದೆ. ಡಿಸ್‌ಚಾರ್ಜ್, ಡಿಸ್‌ಕನೆಕ್ಟ್, ಡಿಸೀಸ್, ಡಿಸೆಂಟ್ರಿ, ಡಿಸ್ಲೆಕ್ಸಿಯಾ ಎಲ್ಲವನ್ನೂ ನಾವು 'ಡಿಸ್' ಅಂತಲೇ ಬರೆಯುತ್ತೇವೆ. ಇಂಗ್ಲಿಷ್‌ನಲ್ಲಿ ಇವು ಎರಡು ಬೇರೆ ಬೇರೆ ಗುಂಪು. ಡಿಸ್‌ಚಾರ್ಜ್, ಡಿಸ್‌ಕನೆಕ್ಟ್, ಡಿಸೀಸ್‌ಗಳಲ್ಲಿ ಬರುವುದು 'ಐ' ಅಕ್ಷರ. ಅದು ಲ್ಯಾಟಿನ್‌ನ ಡಿಸ್. ಬೇರೆಯಾಗು, ತಪ್ಪಿಹೋಗು, ಇಲ್ಲದಾಗು ಅನ್ನುವ ಅರ್ಥ ಕೊಡುತ್ತದೆ. ಡಿಸೆಂಟ್ರಿ, ಡಿಸ್ಲೆಕ್ಸಿಯಾ, ಡಿಸ್‌ಫಂಕ್ಷನ್‌ಗಳಲ್ಲಿ ಬರುವುದು 'ವೈ' ಅಕ್ಷರ. ಇದು ಗ್ರೀಕ್‌ನ ಡಿಸ್. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಎಷ್ಟೋ ಸಲ ಡಿಸ್‌ಫಂಕ್ಷನ್ ಅನ್ನು 'ಐ' ಹಾಕಿ ಬರೆದುಬಿಡುತ್ತಾರೆ. ಓದುವವರು ಡಿಸ್‌ಕನೆಕ್ಟ್ ಥರದ ಅರ್ಥ ಮಾಡಿಕೊಳ್ಳುತ್ತಾರೆ. ಅಮ್ಮನಿಗೂ ಹೀಗೇ ಆಗಿರಬಹುದು. ಫಂಕ್ಷನ್ 'ಇಲ್ಲ' ಅಂತ ಅವರ ಕಿವಿಗೆ ಬಿದ್ದಿರಬೇಕು.

ಗ್ರೀಕ್‌ನ ಈ 'ಡಿಸ್' ನಮಗೆ ಹೊಸದೇನಲ್ಲ. ನಾವು ದಿನಾ ಬಾಯಲ್ಲಿ ಆಡುವ 'ದುಸ್' ಮತ್ತು ಅದು ಒಂದೇ ಮೂಲದ್ದು. ಸಂಸ್ಕೃತದ ದುಸ್, ಮುಂದಿನ ಅಕ್ಷರ ನೋಡಿಕೊಂಡು ದುರ್, ದುಷ್, ದುಶ್, ದುಃ ಅಂತ ಬದಲಾಗುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದ್ದು ಪ್ರಸಿದ್ಧ. ಆಮೇಲೆ ಬಂದ ಭಾಷಾವಿದ್ವಾಂಸರು ಒಂದೊಂದೇ ಪದ ಜೋಡಿಸಿ ಅದನ್ನು ತೋರಿಸಿಕೊಟ್ಟರು. ನಮ್ಮ ಕನ್ನಡ ದ್ರಾವಿಡ ಭಾಷೆ. ಆದರೂ ಸಂಸ್ಕೃತದ ಮೂಲಕ ಈ ದುಸ್ ನಮ್ಮ ಮಾತಿನ ತುಂಬ ಹರಡಿಕೊಂಡಿದೆ.

ನನಗೆ ತುಂಬ ಇಷ್ಟವಾದ ಒಂದು ಜೋಡಿ ಇದೆ. ಗ್ರೀಕ್‌ನಲ್ಲಿ 'ದುಸ್ಮೆನೇಸ್' ಅಂದರೆ ಹಗೆತನದ ಮನಸ್ಸುಳ್ಳವನು. ಸಂಸ್ಕೃತದಲ್ಲಿ ಅದಕ್ಕೆ ಸರಿಸಾಟಿ ಪದ ದುರ್ಮನಸ್. ಇರಾನಿನ ಹಳೆಯ ಭಾಷೆಗಳಲ್ಲೂ ಅದೇ ಪದ ಇತ್ತು. ಅದು ಪಾರ್ಸಿಯಲ್ಲಿ ದುಶ್ಮನ್ ಆಯಿತು, ಅಲ್ಲಿಂದ ಉರ್ದು, ಹಿಂದಿ ದಾಟಿ ನಮ್ಮ ಮಾತಿಗೂ ಬಂತು. 'ಅವನು ನನ್ನ ದುಷ್ಮನ್' ಅನ್ನುವಾಗಲೂ, ಡಾಕ್ಟರು ಡಿಸ್‌ಫಂಕ್ಷನ್ ಅಂತ ಬರೆಯುವಾಗಲೂ ಮೊದಲ ತುಂಡು ಒಂದೇ.

ಹಾಗಂತ ಅರ್ಥವೂ ಒಂದೇ ಅಂದುಕೊಳ್ಳಬೇಡಿ. ದುಸ್‌ಗೆ ಎರಡು ಮುಖ. ಒಂದು, ಕೆಟ್ಟದ್ದು. ದುರ್ವಾಸನೆ, ದುರಾಸೆ, ದುಶ್ಚಟ ಎಲ್ಲ ಆ ಕಡೆ. ಇನ್ನೊಂದು, ಕಷ್ಟ. ದುರ್ಲಭ ಅಂದರೆ ಕೆಟ್ಟ ಲಾಭ ಅಂತ ಯಾರೂ ಅನ್ನುವುದಿಲ್ಲ. ಸಿಗುವುದು ಕಷ್ಟ ಅಂತ. ಅದರ ಎದುರು ಪದ ಸುಲಭ, ಸಿಗುವುದು ಸಲೀಸು. ದುರ್ಗಮ ಕಾಡು ಅಂದರೆ ಹೋಗಲು ಕಷ್ಟವಾದ ಕಾಡು. ದುರ್ಗ ಕೂಡ ಅದೇ. ಶತ್ರುಗಳಿಗೆ ಹತ್ತಿ ಬರಲು ಕಷ್ಟವಾದ ಜಾಗ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕೆಳಗೆ ನಿಂತು ಮೇಲೆ ನೋಡಿದವರಿಗೆ ಈ ದುರ್ ಅರ್ಥವಾಗಲು ನಿಘಂಟು ಬೇಕಾಗಿಲ್ಲ. ದುರ್ಭಿಕ್ಷ ಅಂದರೆ ಭಿಕ್ಷೆ ಸಿಗುವುದೂ ಕಷ್ಟವಾದ ಬರಗಾಲ. ಮಳೆ ಬೆಳೆ ಚೆನ್ನಾಗಿದ್ದರೆ ಸುಭಿಕ್ಷ.

ಎರಡು ಮುಖವನ್ನೂ ಒಟ್ಟಿಗೆ ನೋಡಬೇಕಾದರೆ ದುಷ್ಕರ ಮತ್ತು ದುಷ್ಕೃತ್ಯ ಪಕ್ಕಪಕ್ಕ ಇಡಿ. ಎರಡರಲ್ಲೂ ದುಸ್ ಇದೆ, ಮಾಡು ಅನ್ನುವ ಧಾತು ಇದೆ. ದುಷ್ಕರ ಅಂದರೆ ಮಾಡುವುದು ಕಷ್ಟ. ದುಷ್ಕೃತ್ಯ ಅಂದರೆ ಕೆಟ್ಟ ಕೆಲಸ. ಪೇಪರಿನಲ್ಲಿ ಬರುವ ದುಷ್ಕರ್ಮಿಗಳು ಇದೇ ಎರಡನೆಯ ಗುಂಪಿನವರು. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಈ ವ್ಯತ್ಯಾಸ ಗಮನಿಸಿದ್ದಾನೆ. ಅವನ ಅಷ್ಟಾಧ್ಯಾಯಿಯ 3ನೇ ಅಧ್ಯಾಯ, 3ನೇ ಪಾದದ 126ನೇ ಸೂತ್ರ 'ಈಷದ್ದುಃಸುಷು ಕೃಚ್ಛ್ರಾಕೃಚ್ಛ್ರಾರ್ಥೇಷು ಖಲ್'. ದುಸ್ ಸೇರಿದಾಗ ಕೃಚ್ಛ್ರ, ಅಂದರೆ ಕಷ್ಟ, ಅನ್ನುವ ಅರ್ಥದಲ್ಲೂ, ಸು ಸೇರಿದಾಗ ಕಷ್ಟವಿಲ್ಲದ್ದು ಅನ್ನುವ ಅರ್ಥದಲ್ಲೂ ಇಂಥ ಪದಗಳು ಆಗುತ್ತವೆ ಅಂತ. ದುಷ್ಕರ, ಸುಕರ ಈ ಸೂತ್ರಕ್ಕೆ ಕೊಡುವ ಉದಾಹರಣೆಗಳು.

ಆಯುರ್ವೇದದಲ್ಲೂ ಈ ಕೃಚ್ಛ್ರ ಇದೆ. ಮೂತ್ರ ಮಾಡುವಾಗ ನೋವು, ಕಷ್ಟ ಆಗುವುದಕ್ಕೆ ಮೂತ್ರಕೃಚ್ಛ್ರ ಅನ್ನುತ್ತಾರೆ. ಮೂತ್ರ ಕಟ್ಟಿಕೊಳ್ಳುವ ತೊಂದರೆಗಳಿಗೆ ಮೂತ್ರಾಘಾತ ಅಂತ ಬೇರೆಯೇ ಹೆಸರಿಟ್ಟಿದ್ದಾರೆ. ನಮ್ಮ ಇಂಗ್ಲಿಷ್ ವೈದ್ಯ ಪುಸ್ತಕಗಳಲ್ಲಿ ಮೊದಲನೆಯದು ಡಿಸ್ಯೂರಿಯಾ. ಅದೇ 'ವೈ' ಅಕ್ಷರದ ಡಿಸ್.

ಆಸ್ಪತ್ರೆಯಲ್ಲಿ ಕಿವಿಗೆ ಬೀಳುವ ಡಿಸ್ ಪದಗಳಲ್ಲಿ ಎಷ್ಟೋ ಈ ಕಷ್ಟದ ಗುಂಪಿಗೇ ಸೇರುತ್ತವೆ. ಡಿಸ್ಪ್ನಿಯಾ ಅಂದರೆ ಉಸಿರಾಡಲು ಕಷ್ಟ. ಡಿಸ್ಫೇಜಿಯಾ ಅಂದರೆ ನುಂಗಲು ಕಷ್ಟ. ಡಿಸ್ಪೆಪ್ಸಿಯಾ ಅಂದರೆ ಅನ್ನ ಅರಗಲು ಕಷ್ಟ. ಉತ್ತರ ಕರ್ನಾಟಕದವರ ಮಾತಿನಲ್ಲಿ ಇದಕ್ಕೆ ತಕ್ಕ ಪದ ಇದೆ, ತ್ರಾಸ. 'ಉಸಿರಾಡಾಕ ತ್ರಾಸ ಆಗೇತ್ರಿ, ನುಂಗಾಕ ತ್ರಾಸ ಆಗೇತ್ರಿ' ಅನ್ನುತ್ತಾರೆ. ಈ ಡಿಸ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನಾನು ಕೇಳಿಲ್ಲ.

ಕೆಲಸ ಪೂರ್ತಿ ನಿಂತಿದೆ ಅನ್ನಬೇಕಾದರೆ ವೈದ್ಯರು ಬೇರೆ ತುಂಡು ಹಾಕುತ್ತಾರೆ. ಅದು 'ಅ'. ಗ್ರೀಕ್‌ನಲ್ಲೂ ಅ, ನಮ್ಮಲ್ಲೂ ಅ, ಇವೂ ಒಂದೇ ಮೂಲದವು. ಡಿಸ್ಪ್ನಿಯಾ ಅಂದರೆ ಉಸಿರಿಗೆ ಕಷ್ಟ, ಆಪ್ನಿಯಾ ಅಂದರೆ ಉಸಿರೇ ನಿಲ್ಲುವುದು. ಗೊರಕೆ ಹೊಡೆಯುವವರಲ್ಲಿ ಕಾಣುವ ಸ್ಲೀಪ್ ಆಪ್ನಿಯಾ ಕೇಳಿರುತ್ತೀರಿ. ನಿದ್ದೆಯಲ್ಲಿ ಕೆಲವು ಸೆಕೆಂಡು ಉಸಿರಾಟ ನಿಂತು ಮತ್ತೆ ಶುರುವಾಗುವ ತೊಂದರೆ ಅದು. ಕನ್ನಡದಲ್ಲಿ ಅಸಾಧ್ಯ ಮತ್ತು ದುಸ್ಸಾಧ್ಯ ಇವೆಯಲ್ಲ, ಅದೇ ವ್ಯತ್ಯಾಸ. ಅಸಾಧ್ಯ ಅಂದರೆ ಆಗುವುದೇ ಇಲ್ಲ. ದುಸ್ಸಾಧ್ಯ ಅಂದರೆ ಆಗುತ್ತದೆ, ಕಷ್ಟಪಡಬೇಕು. ಅಮ್ಮನ ರಿಪೋರ್ಟ್‌ನಲ್ಲಿ ಇರುವುದು ಅ ಅಲ್ಲ, ದುಸ್.

ಎದುರು ಪದವೂ ರಿಪೋರ್ಟ್‌ಗಳಲ್ಲಿ ಸಿಗುತ್ತದೆ. ಥೈರಾಯ್ಡ್ ಪರೀಕ್ಷೆ ಸರಿ ಬಂದಾಗ 'ಯುಥೈರಾಯ್ಡ್' ಅಂತ ಬರೆಯುತ್ತಾರೆ. ಆ 'ಯು' ಗ್ರೀಕ್‌ನಲ್ಲಿ ನಮ್ಮ 'ಸು'ವಿನ ಜೋಡಿ. ಎಷ್ಟೋ ಜನ ಅದನ್ನೂ ಒಂದು ಕಾಯಿಲೆ ಅಂದುಕೊಂಡು ಓಡಿ ಬರುತ್ತಾರೆ. ಎಲ್ಲ ಸರಿಯಾಗಿದೆ ಅಂತ ಅಷ್ಟೇ.

ಈಗ ಅಮ್ಮನ ರಿಪೋರ್ಟ್‌ಗೆ ಬರೋಣ. ಡಯಾಸ್ಟೋಲಿಕ್ ಅಂದ ತಕ್ಷಣ ಬಿಪಿಯ ಕೆಳಗಿನ ನಂಬರ್ ನೆನಪಾಗುತ್ತದೆ. 120/80ರಲ್ಲಿ 80. ಪದ ಒಂದೇ ಆದರೂ ಇಲ್ಲಿ ಹೇಳುತ್ತಿರುವುದು ಆ ನಂಬರ್ ಬಗ್ಗೆ ಅಲ್ಲ. ಹೃದಯ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಬಿಗಿದುಕೊಂಡು ರಕ್ತವನ್ನು ಹೊರಗೆ ನೂಕುವುದು ಸಿಸ್ಟೋಲ್. ಸಡಿಲವಾಗಿ ಮತ್ತೆ ರಕ್ತ ತುಂಬಿಕೊಳ್ಳುವುದು ಡಯಾಸ್ಟೋಲ್. ನಿಮಿಷಕ್ಕೆ 75 ಸಲ ಬಡಿಯುವ ಹೃದಯದಲ್ಲಿ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ನೂಕುವುದಕ್ಕೆ ಸುಮಾರು 0.3 ಸೆಕೆಂಡು, ತುಂಬಿಕೊಳ್ಳುವುದಕ್ಕೆ ಸುಮಾರು 0.5 ಸೆಕೆಂಡು. ಅಂದರೆ ಹೃದಯದ ಹೆಚ್ಚಿನ ಹೊತ್ತು ಹೋಗುವುದು ಸಡಿಲವಾಗಿ ತುಂಬಿಕೊಳ್ಳುವುದರಲ್ಲೇ.

ಸಡಿಲವಾಗುವುದು ಅಂದರೆ ಸುಮ್ನೆ ಬಿಟ್ಟುಬಿಡುವುದು ಅಂತ ಅನಿಸುತ್ತದೆ. ಹಾಗಲ್ಲ. ಹೃದಯದ ಸ್ನಾಯು ಬಿಗಿಯುವಾಗ ಅದರ ಜೀವಕೋಶದ ಒಳಗೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ. ಮತ್ತೆ ಸಡಿಲವಾಗಬೇಕಾದರೆ ಆ ಕ್ಯಾಲ್ಸಿಯಂ ಅನ್ನು ಪಂಪ್ ಮಾಡಿ ಅದರ ಉಗ್ರಾಣಕ್ಕೆ ವಾಪಸ್ ಕಳಿಸಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆಯ, ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಶುಗರ್, ಬೊಜ್ಜು, ಹೃದಯದ ರಕ್ತನಾಳದ ತೊಂದರೆ ಇದ್ದರೂ ಸಡಿಲವಾಗುವುದು ನಿಧಾನವಾಗಬಹುದು. ಏನೂ ಕಾಯಿಲೆ ಇಲ್ಲದವರಲ್ಲೂ ವಯಸ್ಸಾದಂತೆ ಇದು ಸ್ವಲ್ಪ ನಿಧಾನವಾಗುತ್ತದೆ. ಎಷ್ಟೋ ಸಲ ನೂಕುವ ಕೆಲಸ ಗಟ್ಟಿಯಾಗಿರುವಾಗಲೇ ತುಂಬಿಕೊಳ್ಳುವ ಕೆಲಸದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ.

ಎಕೋದಲ್ಲಿ ಇದನ್ನು ಹೇಗೆ ಕಂಡುಹಿಡಿಯುತ್ತಾರೆ ಅಂದರೆ, ಎಡಮಗ್ಗುಲಿಗೆ ಮಲಗಿಸಿ, ಎದೆಯ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರಲ್ಲ, ಆಗ ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ಕವಾಟದ ಮೂಲಕ ರಕ್ತ ಎಷ್ಟು ವೇಗವಾಗಿ ಇಳಿಯುತ್ತದೆ ಅಂತ ಅಳೆಯುತ್ತಾರೆ. ಪರದೆಯ ಮೇಲೆ ಪ್ರತಿ ಬಡಿತಕ್ಕೂ ಎರಡು ಗುಡ್ಡದಂಥ ಗೆರೆ ಮೂಡುತ್ತದೆ. ಮೊದಲನೆಯದು 'ಇ'. ಹೃತ್ಕುಕ್ಷಿ ಸಡಿಲವಾದ ಕೂಡಲೇ ರಕ್ತ ತಾನಾಗಿ ನುಗ್ಗಿ ಬರುವುದು. ಎರಡನೆಯದು 'ಎ'. ಮೇಲಿನ ಕೋಣೆ ಬಿಗಿದುಕೊಂಡು ಉಳಿದ ರಕ್ತವನ್ನು ಕೆಳಕ್ಕೆ ನೂಕುವುದು. ಚಿಕ್ಕ ವಯಸ್ಸಿನಲ್ಲಿ ಇ ಎತ್ತರ, ಎ ಗಿಡ್ಡ. ವಯಸ್ಸಾದಂತೆ ಇ ತಗ್ಗುತ್ತದೆ, ಎ ಏರುತ್ತದೆ. 60-65ರ ಹೊತ್ತಿಗೆ ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಎರಡೂ ಸಮ ಆಗಿರುತ್ತವೆ, ಅಥವಾ ಎ ಮೇಲಾಗಿರುತ್ತದೆ. ಇ-ಗಿಂತ ಎ ಸಾಕಷ್ಟು ದೊಡ್ಡದಾಗಿದ್ದು ಹೃದಯದ ಒಳಗಿನ ಒತ್ತಡ ಏರಿಲ್ಲದಿದ್ದರೆ ಅದಕ್ಕೆ ಗ್ರೇಡ್ 1 ಅನ್ನುತ್ತಾರೆ. ಒತ್ತಡ ಏರಿದರೆ ಗ್ರೇಡ್ 2, ಇನ್ನೂ ಜಾಸ್ತಿಯಾದರೆ ಗ್ರೇಡ್ 3.

62 ವರ್ಷದ, ಬಿಪಿ ಇರುವ ಹೆಂಗಸಿನ ಎಕೋದಲ್ಲಿ ಗ್ರೇಡ್ 1 ಕಂಡರೆ ನನಗೆ ಆಶ್ಚರ್ಯ ಆಗುವುದಿಲ್ಲ. ಆದರೆ 'ಏನೂ ಇಲ್ಲ, ಹೋಗಿ' ಅನ್ನುವುದೂ ಪೂರ್ತಿ ಉತ್ತರ ಅಲ್ಲ ಅಂತ ನನ್ನ ಅಭಿಪ್ರಾಯ. ಬಿಪಿ ಹೃದಯದ ಮೇಲೆ ಕೆಲಸ ಮಾಡಲು ಶುರು ಮಾಡಿರಬಹುದು ಅನ್ನುವ ಸುಳಿವು ಇದು. ಆ ಸುಳಿವನ್ನು ಭಯಪಡಿಸದೆ ಹೇಳಬಹುದು, ಹೇಳಲೇಬೇಕು. ಎರಡು ನಿಮಿಷದ ಮಾತು. ಅದು ಆಗದ ಕಾರಣ ಒಬ್ಬ ಹೆಂಗಸು ತನಗೆ ಎಲ್ಲಕ್ಕಿಂತ ಬೇಕಾದ ಔಷಧವನ್ನೇ, ಅಂದರೆ ನಡಿಗೆಯನ್ನೇ, ಬಿಟ್ಟಿದ್ದಾರೆ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಎಲ್‌ವಿಇಎಫ್ 60% ಬಗ್ಗೆಯೂ ಒಂದು ಮಾತು. ಪರೀಕ್ಷೆಯ ಮಾರ್ಕ್ಸ್ ಥರ ಓದಿ, ಹೃದಯದ ಶೇ 40 ಹೋಗಿದೆ ಅಂದುಕೊಳ್ಳುವವರು ಬಹಳ. ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇ 60ರಷ್ಟನ್ನು ಹೊರಗೆ ನೂಕುತ್ತಿದೆ ಅಂತ ಅದರ ಅರ್ಥ. ಯಾವ ಹೃದಯವೂ ಶೇ 100 ನೂಕುವುದಿಲ್ಲ. ಸುಮಾರು 55ರಿಂದ 70 ಇದ್ದರೆ ಸರಿ. ಅಮ್ಮನದು ಚೆನ್ನಾಗಿದೆ. ನೂಕುವ ಕೆಲಸ ಸರಿ ಇದೆ, ತುಂಬಿಕೊಳ್ಳುವಾಗ ಸ್ವಲ್ಪ ತ್ರಾಸ ಇದೆ. ರಿಪೋರ್ಟ್ ಹೇಳುತ್ತಿರುವುದು ಇಷ್ಟೇ.

ಡಿಸ್‌ಫಂಕ್ಷನ್ ಅನ್ನುವ ಪದದ ಒಂದು ಕೊರತೆಯನ್ನೂ ಹೇಳಬೇಕು. ಸಲೀಸಾಗಿ ನಡೆಯುತ್ತಿಲ್ಲ ಅಂತ ಹೇಳಿ ಅದು ಸುಮ್ಮನಾಗುತ್ತದೆ. ಎಷ್ಟು, ಯಾವ ಕಡೆಗೆ, ಯಾಕೆ ಅಂತ ಹೇಳುವುದಿಲ್ಲ. ಥೈರಾಯ್ಡ್ ಡಿಸ್‌ಫಂಕ್ಷನ್ ಅಂದರೆ ಗ್ರಂಥಿ ಕಮ್ಮಿ ಕೆಲಸ ಮಾಡುತ್ತಿರಬಹುದು, ಜಾಸ್ತಿಯೂ ಮಾಡುತ್ತಿರಬಹುದು. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಹಾಗಾಗಿ ರಿಪೋರ್ಟ್‌ನಲ್ಲಿ ಈ ಪದ ಕಂಡಾಗ ಅದರ ಹಿಂದೆ ಮುಂದೆ ಏನಿದೆ ಓದಿ. ಗ್ರೇಡ್ ಎಷ್ಟು, ಮೈಲ್ಡ್ ಅಂತ ಇದೆಯಾ ಸಿವಿಯರ್ ಅಂತ ಇದೆಯಾ, ಯಾವ ಅಂಗದ ಯಾವ ಕೆಲಸ. ಅರ್ಥವಾಗದಿದ್ದರೆ ಡಾಕ್ಟರನ್ನು ಬಿಡದೆ ಕೇಳಿ.

ಕೊರತೆ ಇದ್ದರೂ ಈ ಪದ ಒಂದು ದೊಡ್ಡ ಉಪಕಾರ ಮಾಡಿದೆ. ಚುಚ್ಚುವ ಹೆಸರುಗಳನ್ನು ಪಕ್ಕಕ್ಕೆ ಸರಿಸಿದೆ. ಗಂಡಸರ ಲೈಂಗಿಕ ತೊಂದರೆಗೆ ಇಂಗ್ಲಿಷ್‌ನಲ್ಲಿ ಮೊದಲು ಇಂಪೊಟೆನ್ಸ್ ಅನ್ನುತ್ತಿದ್ದರು. ಶಕ್ತಿಯೇ ಇಲ್ಲದವನು ಅನ್ನುವ ಧ್ವನಿ ಅದರಲ್ಲಿತ್ತು. ಕನ್ನಡದಲ್ಲಿ ಅದಕ್ಕೆ ಬಳಸುವ ಮಾತುಗಳು ಇನ್ನೂ ಕಠೋರ, ಬೈಗುಳಕ್ಕೇ ಬಳಕೆಯಾಗುವಂಥವು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಆ ಪದ ಬಿಟ್ಟು ಇರೆಕ್ಟೈಲ್ ಡಿಸ್‌ಫಂಕ್ಷನ್ ಅಂತ ಹೇಳೋಣ ಅಂತ ಶಿಫಾರಸು ಮಾಡಿತು. ಮನುಷ್ಯನಿಗೆ ಅಂಟಿದ್ದ ಹೆಸರು ದೇಹದ ಒಂದು ಕೆಲಸಕ್ಕೆ ಸರಿಯಿತು. ಈ ತೊಂದರೆ ಎಷ್ಟೋ ಸಲ ಶುಗರ್ ಅಥವಾ ರಕ್ತನಾಳದ ಕಾಯಿಲೆಯ ಮೊದಲ ಗುರುತಾಗಿರುತ್ತದೆ. ನಾಚಿಕೆಪಟ್ಟು ಮುಚ್ಚಿಡುವ ಬದಲು ಡಾಕ್ಟರ ಹತ್ತಿರ ಬಂದರೆ ಹೃದಯವೂ ಉಳಿಯಬಹುದು. ಹೆಸರು ಬದಲಾದದ್ದರಿಂದ ಬಾಯಿ ಬಿಟ್ಟು ಹೇಳುವುದು ಸ್ವಲ್ಪವಾದರೂ ಸುಲಭವಾಗಿದೆ.

ಮಕ್ಕಳ ವಿಷಯದಲ್ಲೂ ಹೀಗೇ ಆಯಿತು. ಓದಲು ತ್ರಾಸಪಡುವ ಮಕ್ಕಳಿಗೆ ಹಿಂದೆ ಯುರೋಪಿನಲ್ಲಿ 'ಪದಗುರುಡು' ಅನ್ನುತ್ತಿದ್ದರು. ಡಿಸ್ಲೆಕ್ಸಿಯಾ ಅನ್ನುವ ಪದ ಬಂದದ್ದು 1880ರ ದಶಕದಲ್ಲಿ, ರುಡಾಲ್ಫ್ ಬರ್ಲಿನ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರಿಂದ. ಅವರು ಅದನ್ನು ಬಳಸಿದ್ದು ಮಿದುಳಿಗೆ ಪೆಟ್ಟಾಗಿ ಓದು ಕಷ್ಟವಾದ ದೊಡ್ಡವರಿಗೆ. ಆಮೇಲೆ ಅದು ಮಕ್ಕಳ ತೊಂದರೆಗೂ ಹೆಸರಾಯಿತು. ಕುರುಡು ಹೋಗಿ ಕಷ್ಟ ಬಂತು. ಮಗುವಿಗೆ ಓದಲು ಬರುವುದೇ ಇಲ್ಲ ಅನ್ನುವುದಕ್ಕೂ, ಓದಲು ಕಷ್ಟ, ಬೇರೆ ರೀತಿ ಕಲಿಸಿದರೆ ಬರುತ್ತದೆ ಅನ್ನುವುದಕ್ಕೂ ಅಜಗಜಾಂತರ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ.

ದೇಹ ಬಿಟ್ಟು ಸಮಾಜಕ್ಕೂ ಈ ಪದ ಹೋಗಿದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ, ಒಂದು ಪದ್ಧತಿಯಿಂದ ಸಮಾಜಕ್ಕೆ ಆಗುವ ಅನುಕೂಲಕ್ಕೆ ಫಂಕ್ಷನ್, ತೊಡಕಿಗೆ ಡಿಸ್‌ಫಂಕ್ಷನ್ ಅಂತ ಬಳಸಿದರು. ಈಗ ಮನೆಯಲ್ಲಿ ಒಂದು ಜಗಳ ಆದರೂ ಡಿಸ್‌ಫಂಕ್ಷನಲ್ ಫ್ಯಾಮಿಲಿ ಅನ್ನುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ.

ಇನ್ನು ಕನ್ನಡದಲ್ಲಿ ಏನು ಹೇಳೋಣ? 'ಅಪಸಾಮಾನ್ಯ ಕ್ರಿಯೆ' ಯಾರೂ ಆಡುವ ಮಾತಲ್ಲ. ಕೇಳಿದವರಿಗೆ ಏನೋ ಭಯಂಕರವಾದದ್ದು ಅನಿಸುತ್ತದೆ. ತುಂಡಿಗೆ ತುಂಡು ಸೇರಿಸಿ ಅನುವಾದಿಸಿದರೆ ದುಷ್ಕ್ರಿಯೆ ಆಗುತ್ತದೆ. ಲೆಕ್ಕಕ್ಕೆ ಸರಿ. ಆದರೆ ಕನ್ನಡದ ಕಿವಿಗೆ ಅದು ದುಷ್ಕೃತ್ಯದ ಪಕ್ಕ ಹೋಗಿ ಕೂರುತ್ತದೆ, ಹೃದಯ ಏನೋ ಅಪರಾಧ ಮಾಡಿದ ಹಾಗೆ. ವೈಫಲ್ಯ ಅನ್ನಲೇಬಾರದು. ಹೃದಯ ವೈಫಲ್ಯ ಅಂತ ಹಾರ್ಟ್ ಫೇಲ್ಯೂರ್‌ಗೆ ಬಳಸುತ್ತೇವೆ, ಅದು ಬೇರೆಯೇ ಹಂತ. 'ಕೆಟ್ಟಿದೆ' ಅನ್ನುವ ನಮ್ಮ ಸ್ವಂತ ಮಾತಿನಲ್ಲೂ ಅಪಾಯ ಇದೆ. ಹೊಟ್ಟೆ ಕೆಟ್ಟಿದೆ ಅಂದರೆ ನಾಳೆ ಸರಿಹೋಗುತ್ತದೆ, ಹಾಲು ಕೆಟ್ಟಿದೆ ಅಂದರೆ ಚೆಲ್ಲಬೇಕು. ಹಾರ್ಟ್ ಕೆಟ್ಟಿದೆ ಅಂದಾಗ ಅಮ್ಮನಿಗೆ ಹಾಲಿನ ಅರ್ಥವೇ ಬಂದಿರುತ್ತದೆ. ನಾನು ರೋಗಿಗಳಿಗೆ 'ತೊಡಕು' ಅನ್ನುತ್ತೇನೆ. 'ಹಾರ್ಟ್ ಸಡಿಲ ಆಗೋದರಲ್ಲಿ ಸ್ವಲ್ಪ ತೊಡಕಿದೆ, ಹಿಂಡೋದು ಚೆನ್ನಾಗಿದೆ' ಅಂತ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ತ್ರಾಸ ಅಂದರೆ ಸಾಕು.

ಅಮ್ಮನಿಗೂ ಹೀಗೇ ಹೇಳಿ. ಈಗ ಅವರು ಮಾಡಬೇಕಾದದ್ದು. ಮನೆಯಲ್ಲಿ ಕೆಲವು ದಿನ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ, ತಾವಾಗಿಯೇ ನಿಲ್ಲಿಸಬೇಡಿ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚದಷ್ಟು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿ ಇರುವುದೂ ಸೇರಿ. ಶುಗರ್ ಒಮ್ಮೆ ನೋಡಿಸಿ. ಜೋರಾಗಿ ಗೊರಕೆ ಇದ್ದು ಹಗಲೆಲ್ಲ ತೂಕಡಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಸ್ಲೀಪ್ ಆಪ್ನಿಯಾ ಇದ್ದರೆ ಬಿಪಿ ಹತೋಟಿಗೆ ಬರುವುದು ಕಷ್ಟವಾಗಬಹುದು.

ನಡೆಯುವಾಗ ಎದೆನೋವು, ತಲೆಸುತ್ತು, ಏದುಸಿರು ಯಾವುದೂ ಇಲ್ಲದಿದ್ದರೆ ವಾಕಿಂಗ್ ಬಿಡಲು ಈ ರಿಪೋರ್ಟ್ ಕಾರಣವೇ ಅಲ್ಲ. ನಿಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳಿಕೊಂಡು ಹತ್ತು ನಿಮಿಷದಿಂದ ಶುರು ಮಾಡಿ, ನಿಧಾನವಾಗಿ ಅರ್ಧ ಗಂಟೆಗೆ ಏರಿಸಲಿ. ಮೊದಲ ಕೆಲವು ದಿನ ನೀವೂ ಜೊತೆಗೆ ಹೋಗಿ, ಅವರಿಗೆ ಧೈರ್ಯ ಬರುತ್ತದೆ.

ತಡಮಾಡದೆ ಹೋಗಬೇಕಾದ ಸಂದರ್ಭಗಳೂ ಇವೆ. ಮೊದಲು ಆರಾಮಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಉಸಿರು ಕಟ್ಟಿದರೆ, ಅಂಗಾತ ಮಲಗಿದರೆ ಉಸಿರಾಡಲು ಕಷ್ಟವಾಗಿ ಎರಡು ಮೂರು ದಿಂಬು ಬೇಕಾದರೆ, ನಡುರಾತ್ರಿ ಉಸಿರುಗಟ್ಟಿ ಎದ್ದು ಕೂತರೆ, ಎರಡೂ ಕಾಲು ಊದಿಕೊಂಡರೆ, ಕೆಲವೇ ದಿನದಲ್ಲಿ ತೂಕ ಏರಿದರೆ ಹಳೆ ಎಕೋ ರಿಪೋರ್ಟ್ ಹಿಡಿದುಕೊಂಡು ಹೋಗಿ. ಎದೆನೋವು ಬಂದು ಬೆವರಿದರೆ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದ್ಯಾವುದೂ ಇಲ್ಲ, ಬಿಪಿ ಹತೋಟಿಯಲ್ಲಿದೆ ಅಂದರೆ ಮೂರು ಮೂರು ತಿಂಗಳಿಗೆ ಎಕೋ ಮಾಡಿಸುವ ಅಗತ್ಯ ಇಲ್ಲ. ಮುಂದಿನದು ಯಾವಾಗ ಅಂತ ಅಮ್ಮನನ್ನು ನೋಡುವ ಡಾಕ್ಟರು ಹೇಳುತ್ತಾರೆ. ಆಗ ಈ ಸಲದ ರಿಪೋರ್ಟ್ ಕೂಡ ಜೊತೆಗಿರಲಿ. ಇ, ಎ ಎರಡರ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವರಿಗೆ ಬೇಕಾಗುತ್ತದೆ.